ಮಡಿಕೆಯೊಳಗಿನ ಕಲೆ

ಬೆಟಗೇರಿಯ ಆ ಓಣಿಯಲ್ಲಿ ಯಾರೂ ಮೆಲ್ಲಗೆ ಮಾತಾಡುವುದಿಲ್ಲ. ಮನೆಮನೆಗೂ ಕರೆಂಟಿನ ಮಗ್ಗ. ಬೆಳಿಗ್ಗೆ ಏಳಕ್ಕೆ ಖಟಾಖಟ್ ಶುರುವಾಯಿತೆಂದರೆ ಊಟದ ಮುಂದೆ ಉಪ್ಪು ಬೇಕೆಂದರೂ ಒದರಿಯೇ ಕೇಳಬೇಕು. ಬನಶಂಕರೆವ್ವ ಈ ಮನೆಗೆ ಸೊಸೆಯಾಗಿ ಬಂದಾಗ ಇಲ್ಲಿದ್ದದ್ದು ಕೈಮಗ್ಗ, ಅದರ ಸಪ್ಪಳ ಅಷ್ಟಕ್ಕಷ್ಟೆ. ಈಗ ಅರವತ್ತೆಂಟರ ಆಕೆ ಕೂಗಿದರೆ ಓಣಿಯ ಆ ತುದಿಯಲ್ಲಿ ಹಾಲಿನವನ ಸೈಕಲ್ಲು ನಿಲ್ಲುತ್ತದೆ. "ನಮ್ಮ ಯವ್ವ ಮೈಕ್ ನುಂಗ್ಯಾಳ" ಎಂದು ಮಗ ಕುಬೇರಪ್ಪ ಚೇಷ್ಟೆ ಮಾಡುತ್ತಿದ್ದ. ಬನಶಂಕರೆವ್ವನಿಗೆ ಅದರಲ್ಲಿ ಒಳಗೊಳಗೇ ಹೆಮ್ಮೆ. ದನಿ ಇದ್ದವಳ ಮನೆ ಹಿಡಿತದಲ್ಲಿರುತ್ತದೆ ಎಂದು ಆಕೆ ತಿಳಿದಿದ್ದಳು.

ಸಪ್ಪಳದ ಹಾಗೆ ಆ ಮನೆಗೊಂದು ವಾಸನೆಯೂ ಇತ್ತು, ಥಿನ್ನರ್‌ನದು. ಮಗ್ಗಕ್ಕೆ ಬಿಡುವ ಎಣ್ಣೆ ಒಮ್ಮೊಮ್ಮೆ ಸೀರೆಗೆ ಹನಿಯುತ್ತದೆ. ಕಲೆ ಬಿದ್ದ ಸೀರೆಯನ್ನು ಗದಗಿನ ಅಂಗಡಿಯವರು ಮುಟ್ಟುವುದಿಲ್ಲ. ಅದಕ್ಕೆ ಬಣ್ಣದ ಅಂಗಡಿಯಿಂದ ಥಿನ್ನರ್ ತಂದು, ಅರಿವೆಗೆ ಹಚ್ಚಿ ಒರೆಸಿ, ಸೀರೆ ಮಡಚಿ ಕಳಿಸಬೇಕು. ಮಗ್ಗದ ಷೆಡ್ಡಿನ ಹಿಂದಿನ ಚಿಕ್ಕ ಕೋಣೆ ಈ ಕೆಲಸದ್ದು. ಅದಕ್ಕೆ ಮಡಿಕೆ ಕೋಣೆ ಎಂದೇ ಹೆಸರು. ಪಿಯುಸಿ ಎರಡನೇ ವರ್ಷದಲ್ಲಿ ಎರಡು ವಿಷಯ ಹೋಗಿ ಮನೆಯಲ್ಲಿ ಕೂತ ಮೊಮ್ಮಗಳು ಅನುರಾಧಾ, "ಈ ಕೆಲಸ ನಾ ಮಾಡತೇನಿ" ಎಂದು ತಾನೇ ಮುಂದೆ ಬಂದಿದ್ದಳು. ಹದಿನೆಂಟರ ಹುಡುಗಿ ಮೂಲೆ ಹಿಡಿದು ಅಳದೆ ಕೆಲಸಕ್ಕೆ ಕೈ ಹಚ್ಚಿದಳಲ್ಲ ಎಂದು ಎಲ್ಲರಿಗೂ ಸಮಾಧಾನವಾಗಿತ್ತು.

ಜೂನ್ ತಿಂಗಳ ಒಂದು ಮುಂಜಾನೆ ಅನು ಅರ್ಧ ರೊಟ್ಟಿ ಮುರಿದು, ಹೆಸರುಕಾಳಿನ ಪಲ್ಯದಲ್ಲಿ ಬೆರಳಾಡಿಸಿ ಎದ್ದಳು.

"ಮೂರು ರೊಟ್ಟಿ ತಿನ್ನಾಕಿ ಅರ್ಧಕ್ಕ ಎದ್ದಿ? ಕುಂಡ್ರ" ಎಂದಳು ಬನಶಂಕರೆವ್ವ.

"ತಲಿ ನೋಯಾಕತ್ತೈತಿ ಆಯಿ."

"ಉಂಡ್ರ ತಲಿನೋವು ತಾನ ಹೋಗತೈತಿ. ಕುಂಡ್ರ ಅಂದೆ!"

ಒಲೆಯ ಮುಂದಿದ್ದ ಸೊಸೆ ಕಲ್ಪನಾ ತಿರುಗಿ, "ಅಕಿಗೆ ರಾತ್ರಿ ಎಲ್ಲಾ ಫೋನು ಬೇಕು ಅತ್ತಿ, ಮುಂಜಾನಿ ತಲಿ ನೋಯಲಾರದ ಏನಾಗತೈತಿ?" ಎಂದಳು. ಅಷ್ಟರಲ್ಲಿ ಕುಬೇರಪ್ಪ ಒಂದು ಸೀರೆಯನ್ನು ಹೆಗಲ ಮೇಲೆ ಹಾಕಿಕೊಂಡೇ ಒಳಗೆ ಬಂದ. ಅಂಗಡಿಯವರು ವಾಪಸ್ಸು ಮಾಡಿದ್ದು. ನೀಲಿ ಒಡಲಿನ ಮೇಲೆ ಅಂಗೈಯಗಲ ಬಣ್ಣ ಮಾಸಿತ್ತು.

"ಎಣ್ಣಿ ಹೋಗೈತಿ, ಅದರ ಸಂಗಾಟ ಬಣ್ಣಾನೂ ಹೋಗೈತಿ. ಒಂದು ವಾರದಾಗ ಐದನೇ ಸೀರಿ ಇದು! ಏ ಗುಡುಸಾಬ, ಬಾ ಇಲ್ಲಿ! ಮಗ್ಗಕ್ಕ ಎಣ್ಣಿ ಬಿಡತಿಯೋ, ಸೀರಿಗೆ ಒಗ್ಗರಣಿ ಹಾಕತಿಯೋ?"

ಗುಡುಸಾಬ ಹದಿನೆಂಟು ವರ್ಷದಿಂದ ಈ ಮನೆಯ ಮಗ್ಗ ನಡೆಸುವವನು. ಅನು ತೊಟ್ಟಿಲಲ್ಲಿದ್ದಾಗ ಬಂದವನು. ಆತ ಕೈ ಒರೆಸಿಕೊಳ್ಳುತ್ತ ಬಂದು ನಿಂತ.

"ನಾ ಸೀರಿ ಇಳಿಸಿಕೊಡುವಾಗ ಕಲಿ ಇರಲಿಲ್ಲರಿ ಸಾವ್ಕಾರ್ರ. ನೋಡೇ ಕೊಟ್ಟೇನಿ."

"ಹಂಗಾರ ಆಕಾಶದಿಂದ ಬಿತ್ತೇನು?"

ಪಕ್ಕದಲ್ಲಿ ಮಡಚಿಟ್ಟಿದ್ದ, ಇನ್ನೂ ಕಲೆ ಒರೆಸದ ಸೀರೆಯೊಂದಿತ್ತು. ಗುಡುಸಾಬ ಅದರ ಒಂದು ಮಡಿಕೆ ತೆರೆದು ನೋಡಿದ, ಇನ್ನೊಂದು ತೆರೆದ. ತಲೆ ಎತ್ತಿ ಮಡಿಕೆ ಕೋಣೆಯ ಬಾಗಿಲಲ್ಲಿ ನಿಂತಿದ್ದ ಅನುವಿನ ಕಡೆ ನೋಡಿದ. ಏನೋ ಹೇಳಬೇಕೆಂದು ತೆರೆದ ಬಾಯನ್ನು ಹಾಗೇ ಮುಚ್ಚಿಕೊಂಡ. ಬನಶಂಕರೆವ್ವ ಅದನ್ನು ಕಣ್ಣಾರೆ ಕಂಡಳು. ತಪ್ಪು ಇವನದೇ, ಅದಕ್ಕೇ ಬಾಯಿ ಕಟ್ಟಿತು ಎಂದುಕೊಂಡಳು.

ಹತ್ತು ದಿನ ಕಳೆಯುವುದರೊಳಗೆ ಒಂದೇ ಗಂಟಿನಲ್ಲಿ ಏಳು ಸೀರೆ ಕೆಟ್ಟವು. ಕುಬೇರಪ್ಪ ಆ ಗಂಟನ್ನು ಓಣಿಗೆ ತಂದು ಚೆಲ್ಲಿದ. ಎದುರು ಮನೆಯ ಮರಿಯವ್ವ, ಆಚೆ ಷೆಡ್ಡಿನ ನೇಕಾರರು, ನಲ್ಲಿಗೆ ಬಂದ ಹೆಣ್ಣುಮಕ್ಕಳು ಎಲ್ಲರೂ ನಿಂತು ನೋಡಿದರು.

"ಹೊಲಸ ಕೈಯಾಂವ! ನಾಳೆಯಿಂದ ನನ್ನ ಮಗ್ಗ ಮುಟ್ಟಬ್ಯಾಡ!"

ಗುಡುಸಾಬ ಒಳಗೆ ಮಗ್ಗದ ಹತ್ತಿರ ಹೋದ. ಎಣ್ಣೆಯ ಡಬ್ಬಿಯನ್ನು ಅರಿವೆಯಿಂದ ಒರೆಸಿ ಮಗ್ಗದ ಮೇಲಿಟ್ಟ. ಬುತ್ತಿ ಡಬ್ಬಿ ತೆಗೆದುಕೊಂಡು ಹೊಸ್ತಿಲು ದಾಟಿದ ಮೇಲೆ ಹೇಳಿದ, "ಕೆಲಸ ಬಿಡಸ್ರಿ, ನಿಮ್ಮ ಮಗ್ಗ. ಓಣ್ಯಾಗ ಹೊಲಸ ಕೈ ಅಂದ್ರಿ. ಅದನ್ನ ಹ್ಯಾಂಗ ಒರಸಲಿ ನಾ?"

ಆಗ ಬಾಗಿಲಲ್ಲಿ ನಿಂತಿದ್ದ ಅನು ನಕ್ಕಳು. ಸಣ್ಣಗೆ ಶುರುವಾದ ನಗೆ ನಿಲ್ಲಲೇ ಇಲ್ಲ, ಹೊಟ್ಟೆ ಹಿಡಿದುಕೊಂಡು ನಕ್ಕಳು. ತನ್ನನ್ನು ಎತ್ತಿ ಆಡಿಸಿದ ಗುಡುಸಾಬ ಕಾಕಾನ ಕಣ್ಣಲ್ಲಿ ನೀರಿದ್ದಾಗ ನಗುವ ಹುಡುಗಿಯಲ್ಲ ಅವಳು. ಬನಶಂಕರೆವ್ವ ರಟ್ಟೆ ಹಿಡಿದು ಒಳಗೆ ದಬ್ಬಿದಳು. ಆದರೆ ಯಾಕೆ ನಕ್ಕೆ ಎಂದು ಕೇಳಲಿಲ್ಲ. ಈಗ ನೆನೆಸಿಕೊಂಡರೆ ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಹೊಲಸ ಕೈ ಎಂದು ಹೆಸರು ಬಿದ್ದವನನ್ನು ಬೆಟಗೇರಿಯಲ್ಲಿ ಯಾರೂ ಮಗ್ಗಕ್ಕೆ ಕರೆಯುವುದಿಲ್ಲ. ಗುಡುಸಾಬ ಗದಗಿನಲ್ಲಿ ಚೀಲ ಹೊರಲು ಹೋಗುತ್ತಾನೆಂದು ಖಬರ ಬಂತು. ಅವನ ಮಗಳು ಮಹೆಕ, ಅನುವಿನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವಳು, ಓಣಿಯಲ್ಲಿ ಎದುರಾದರೂ ಮುಖ ತಿರುಗಿಸಿ ಹೋಗತೊಡಗಿದಳು.

ಮಗ್ಗಕ್ಕೆ ಈಗ ಕುಬೇರಪ್ಪನೇ ನಿಂತ. ಕಲೆ ಬೀಳುವುದು ಮಾತ್ರ ನಿಲ್ಲಲಿಲ್ಲ! ಮಿಸ್ತ್ರಿಯನ್ನು ಕರೆಸಿದ. ಮಿಸ್ತ್ರಿ ನಾಲ್ಕೂ ಮಗ್ಗ ಬಿಚ್ಚಿ ನೋಡಿ, "ಎಲ್ಲೂ ಎಣ್ಣಿ ಸೋರವಲ್ತು" ಎಂದು ಹೇಳಿ ಹೋದ. ಎರಡು ತಿಂಗಳು ಬರುತ್ತಿದ್ದ ಥಿನ್ನರ್ ಕ್ಯಾನು ಹದಿನೈದು ದಿನಕ್ಕೆ ಬರಿದಾಗುತ್ತಿತ್ತು. ಕುಬೇರಪ್ಪನ ಸಿಟ್ಟಿಗೆ ದಾರಿ ಸಿಗದೆ ಅದು ಊಟದ ತಾಟಿನ ಮೇಲೆ ಇಳಿಯತೊಡಗಿತು. ಸಾರಿಗೆ ಉಪ್ಪಿಲ್ಲ, ಅನ್ನ ಮುದ್ದೆಯಾಗಿದೆ, ಮಜ್ಜಿಗೆ ಹುಳಿಯಾಗಿದೆ ಎಂದು ದಿನಕ್ಕೊಂದು ತಕರಾರು.

ಅನು ದಿನದಿನಕ್ಕೆ ಸೊರಗಿದಳು. ಕಣ್ಣು ಕೆಂಪು, ಮೂಗು ಬಾಯಿಯ ಸುತ್ತ ಸಿಪ್ಪೆಸುಲಿದ ಹುಣ್ಣು. ಹಾಲು ಒಲೆಗಿಟ್ಟು ಮರೆಯುತ್ತಿದ್ದಳು. ಕರೆದರೆ ಓಗೊಡುತ್ತಿರಲಿಲ್ಲ, ಎರಡನೇ ಸಲ ಕರೆದರೆ ಮೈಮೇಲೆ ಬರುತ್ತಿದ್ದಳು. ಕಲ್ಪನಾಗೆ ಯಾವನೋ ಹುಡುಗನ ಗುಮಾನಿ. ಫೋನು ಕಸಿದು ಎಲ್ಲ ತಡಕಿ ನೋಡಿದಳು, ಏನೂ ಸಿಗಲಿಲ್ಲ. ಬನಶಂಕರೆವ್ವ ಉಷ್ಣವೆಂದು ಸಬ್ಬಕ್ಕಿ ಗಂಜಿ ಕುಡಿಸಿದಳು, ಉಪ್ಪು ಮೆಣಸಿನಕಾಯಿ ಇಳಿದೆಗೆದು ಒಲೆಗೆ ಹಾಕಿದಳು. ಮೈಯಿಂದ ಬರುತ್ತಿದ್ದ ಆ ಖಾರ ವಾಸನೆಯನ್ನು ಮೂವರಲ್ಲಿ ಒಬ್ಬರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅದು ಮನೆಯದೇ ವಾಸನೆಯಲ್ಲವೇ.

ಶ್ರಾವಣದ ಎರಡನೇ ಶುಕ್ರವಾರ ಮುತ್ತೈದೆಯೊಬ್ಬಳಿಗೆ ಉಡಿ ತುಂಬಲು ಸೀರೆ ಬೇಕಾಯಿತು. ಬನಶಂಕರೆವ್ವ ಮಡಚಿಟ್ಟ ಸೀರೆಗಳ ಅಟ್ಟಿಯಿಂದ ಒಂದು ಹಸಿರು ಸೀರೆ ಎಳೆದಳು. ಮೇಲೆಯೇ ಎಣ್ಣೆಯ ಕಲೆ. ಹಲ್ಲು ಕಚ್ಚಿ, ಒಳಗಾದರೂ ಚೊಕ್ಕ ಇದೆಯೇನೋ ಎಂದು ಮಡಿಕೆ ಬಿಚ್ಚಿದಳು. ಎರಡನೇ ಮಡಿಕೆಯಲ್ಲೂ ಅದೇ ಜಾಗಕ್ಕೆ ಕಲೆ. ಮೂರನೆಯದರಲ್ಲಿ ಸ್ವಲ್ಪ ತಿಳಿ, ನಾಲ್ಕನೆಯದರಲ್ಲಿ ಇನ್ನೂ ತಿಳಿ.

ನೇಯ್ದ ಕೈ ಆಕೆಯದು, ನಲವತ್ತು ವರ್ಷ ನೇಯ್ದದ್ದು. ಮಗ್ಗದ ಮೇಲೆ ಸೀರೆ ಮಡಚಿರುವುದಿಲ್ಲ, ಹಾಸಿರುತ್ತದೆ. ಮಗ್ಗದಲ್ಲಿ ಬಿದ್ದ ಹನಿ ಬಿದ್ದಲ್ಲೇ ಇರಬೇಕು. ಇದು ಮಡಚಿದ ಮೇಲೆ ಸುರಿದ ಎಣ್ಣೆ. ಮಡಚುವವಳು ಈ ಮನೆಯಲ್ಲಿ ಒಬ್ಬಳೇ! ಗುಡುಸಾಬ ಅಂದು ಎರಡು ಮಡಿಕೆ ತೆರೆದು ನೋಡಿ ಬಾಯಿ ಮುಚ್ಚಿಕೊಂಡದ್ದು ಆಗ ನೆನಪಾಯಿತು.

ಸೀರೆ ಅಲ್ಲೇ ಬಿಟ್ಟು ಆಕೆ ಮಡಿಕೆ ಕೋಣೆಗೆ ನಡೆದಳು. ಬಾಗಿಲು ಓರೆಯಾಗಿತ್ತು. ಅನು ಗೋಡೆಗೊರಗಿ ಕೂತಿದ್ದಳು, ಅರಿವೆ ಮುಖದ ಮೇಲಿತ್ತು, ಕಣ್ಣು ಅರೆ ಮುಚ್ಚಿದ್ದವು. ಬನಶಂಕರೆವ್ವ ತನಗೆ ಗೊತ್ತಿದ್ದ ಒಂದೇ ಕೆಲಸ ಮಾಡಿದಳು.

"ಅನೂ!"

ನಾಲ್ಕು ಮಗ್ಗದ ಸಪ್ಪಳ ಸೀಳಿ ಹೋಗುವ ಕೂಗು. ಹುಡುಗಿ ಬೆಚ್ಚಿ ಎದ್ದು, ಅಜ್ಜಿಯನ್ನು ದೂಡಿ ಹಿತ್ತಲಿಗೆ ಓಡಿದಳು. ಎಂಟು ಹೆಜ್ಜೆ ಹೋಗಿರಬಹುದು. ಒಗೆಯುವ ಕಲ್ಲಿನ ಹತ್ತಿರ ಕಡಿದ ಮರದ ಹಾಗೆ ಬಿದ್ದಳು. ತುಟಿ ನೀಲಿಗಟ್ಟಿತ್ತು.

ಓಣಿಯ ನವಾಜನ ಆಟೋದಲ್ಲಿ ದವಾಖಾನೆಗೆ ಹೋಗುವವರೆಗೆ ಬನಶಂಕರೆವ್ವ ಮೊಮ್ಮಗಳ ಎದೆಯ ಮೇಲಿಟ್ಟ ಕೈ ತೆಗೆಯಲಿಲ್ಲ. ಒಳಗೆ ಮಿಡಿತ ದಾರಿ ತಪ್ಪಿದ ಲಾಳಿಯಂತೆ ಅಡ್ಡಾದಿಡ್ಡಿ ಓಡುತ್ತಿತ್ತು. ಜೀವ ಉಳಿಯಿತು. ಎರಡನೇ ದಿನ ಹೆಣ್ಣು ಡಾಕ್ಟರೊಬ್ಬಳು ಮೂವರನ್ನೂ ಕೂಡಿಸಿಕೊಂಡು ಮಾತಾಡಿದಳು.

"ಎಷ್ಟು ದಿನದಿಂದ ಥಿನ್ನರ್ ಮೂಸಾಕತ್ತಾಳ?"

ಯಾರಿಗೂ ಗೊತ್ತಿರಲಿಲ್ಲ.

"ಈ ಆವಿ ಒಳಗ ಹೋದಾಗ ಹೃದಯ ಭಾಳ ನಾಜೂಕ ಆಗಿರತೈತ್ರಿ. ಆಗ ಬೆಚ್ಚಿದ್ರ, ಓಡಿದ್ರ, ಒಮ್ಮೆಲೇ ನಿಂತ ಬಿಡಬಹುದು. ಮೊದಲನೇ ಸಲ ಮೂಸಿದವರೂ ಸತ್ತಾರ. ಉಳಿದವರಿಗೆ ಮೆದುಳು, ಯಕೃತ್ತು, ಕಿಡ್ನಿ ಒಂದೊಂದಾಗಿ ಕೆಡತಾವ. ಓದಿದ್ದು ನೆನಪಿರೋದಿಲ್ಲ, ಕೈಕಾಲು ಮಾತು ಕೇಳೋದಿಲ್ಲ. ಬಿಟ್ಟ ಮ್ಯಾಲೂ ಮನಸು ಎಳೀತೈತಿ, ಅದಕ್ಕ ಮನಸಿನ ಡಾಕ್ಟರ್ ಕಡೆ ವಾರಾವಾರಾ ಕರಕೊಂಡ ಬರ್ರಿ. ಮತ್ತ ಮೂಸೋದು ಕಂಡ್ರ ಬೆನ್ನ ಹತ್ತಬ್ಯಾಡ್ರಿ, ಒದರಬ್ಯಾಡ್ರಿ. ಗಾಳಿ ಆಡಾಕ ಬಿಟ್ಟು, ಸಮಾಧಾನದಿಂದ ಕೂಡಸ್ರಿ. ಅಜ್ಜಿ, ತಿಳೀತೇನ್ರಿ?"

ಬನಶಂಕರೆವ್ವ ತಲೆ ಆಡಿಸಿದಳು. ತನ್ನ ಕೂಗು ಮೊಮ್ಮಗಳನ್ನು ಕೊಂದೇಬಿಡುತ್ತಿತ್ತು ಎಂಬುದು ಆಕೆಗೆ ಸರಿಯಾಗಿಯೇ ತಿಳಿದಿತ್ತು.

ಥಿನ್ನರ್ ಕ್ಯಾನು ಮನೆ ಬಿಟ್ಟು ಹೋಯಿತು. ಮೂರು ದಿನಕ್ಕೆ ಕಲ್ಪನಾ ಹಾಕಿದ ಒಗ್ಗರಣೆಯ ವಾಸನೆ ಪಡಸಾಲೆಯವರೆಗೆ ಬಂದಾಗ ಬನಶಂಕರೆವ್ವ ಬೆರಗಾದಳು. ಕರಿಬೇವಿನ ವಾಸನೆ ಈ ಮನೆಯಲ್ಲಿ ಸತ್ತು ಎಷ್ಟು ವರ್ಷವಾಗಿತ್ತೋ.

ಆ ದಿನದ ಊಟದ ಮುಂದೆಯೇ ಆಕೆ ಮಾತು ತೆಗೆದಳು. "ಗುಡುಸಾಬನ್ನ ಕರಸಬೇಕಲ್ಲ ಕುಬೇರಾ."

"ಬ್ಯಾರೆಯವ ಬರತಾನ ಸೋಮವಾರದಿಂದ."

"ತಪ್ಪಿಲ್ಲದಾಂವಗ ಹೊಲಸ ಕೈ ಅಂದಿ."

"ಈಗ ಕರದ್ರ ಯಾಕ ಕರದ್ರಿ ಅಂತ ಓಣಿ ಕೇಳತೈತಿ. ಏನ ಹೇಳ್ಲಿ? ನನ್ನ ಮಗಳು ನಶಾ ಮಾಡತಾಳ ಅಂತ ಡಂಗುರ ಹೊಡೀಲೇನು? ನಾಳೆ ಅಕಿನ್ನ ಯಾರ ಮಾಡಕೋತಾರ?"

"ಬಿಪಿ ಕಮ್ಮಿ ಆಗಿ ಬಿದ್ದಿದ್ದಳು ಅಂತ ಮರಿಯವ್ವಗ ಹೇಳೇನ್ರಿ ಅತ್ತಿ" ಎಂದು ಕಲ್ಪನಾ ಕಣ್ಣು ತಪ್ಪಿಸಿದಳು. "ಅಷ್ಟಕ್ಕ ಬಿಡ್ರಿ. ನನ್ನ ಮಗಳ ಬಾಳಿನ ಪ್ರಶ್ನೆ ಐತಿ."

ಅನು ಎದ್ದು ಕೈ ತೊಳೆದಳು. ತಾಟಿನಲ್ಲಿ ರೊಟ್ಟಿ ಹಾಗೇ ಇತ್ತು.

ಹೊಸ ನೇಕಾರ ಬಂದ. ಎಣ್ಣೆಯ ಹನಿ ಬಿದ್ದರೆ ಕಲ್ಪನಾ ಈಗ ಸಾಬೂನು ಹಚ್ಚಿ ಉಜ್ಜುತ್ತಿದ್ದಳು. ಅನು ಎರಡು ವಾರ ಮನಸಿನ ಡಾಕ್ಟರ ಹತ್ತಿರ ಹೋಗಿಬಂದಳು. ಕೂತಲ್ಲಿ ಕೂರುತ್ತಿರಲಿಲ್ಲ. ಕಸ ಗುಡಿಸಿದ ಪಡಸಾಲೆಯನ್ನೇ ಮತ್ತೆ ಗುಡಿಸುವಳು, ಉಗುರು ಕಡಿಯುವಳು. ಬಾಗಿಲಲ್ಲಿ ನಿಂತಿದ್ದವಳು, ಮಹೆಕ ಹಾದುಹೋಗುವ ಹೊತ್ತಿಗೆ ಒಳಗೆ ಓಡುವಳು. ಬನಶಂಕರೆವ್ವ ದಿನಾ ಸಂಜೆ ತಲೆ ಬಾಚುವ ನೆವದಲ್ಲಿ ಅವಳ ಓಢಣಿ ಮೂಸುತ್ತಿದ್ದಳು. ಹುಡುಗಿಗೆ ಅದು ತಿಳಿದಿತ್ತು. ತಿಳಿದೂ ತಲೆ ಕೊಡುತ್ತಿದ್ದಳು.

ಮೂರನೇ ವಾರ ಒಂದು ಮಧ್ಯಾಹ್ನ ಬನಶಂಕರೆವ್ವ ಮೆಂತ್ಯದ ಸೊಪ್ಪು ಹಿಡಿದು ಷೆಡ್ಡಿನ ಬದಿಯ ಅಂಕಣಕ್ಕೆ ಬಂದಳು. ಅಲ್ಲಿ ಕುಬೇರಪ್ಪನ ಗಾಡಿ ನಿಂತಿರುತ್ತದೆ. ಗಾಡಿಯ ಮರೆಯಲ್ಲಿ ಅನು ಕುಕ್ಕುರುಗಾಲಲ್ಲಿ ಕೂತಿದ್ದಳು. ಕೈಯಲ್ಲಿ ಗಾಡಿಯ ಪೆಟ್ರೋಲಿನಲ್ಲಿ ಅದ್ದಿದ ಅರಿವೆ.

ಕೂಗು ಗಂಟಲವರೆಗೆ ಬಂತು. ಬನಶಂಕರೆವ್ವ ಜನ್ಮದಲ್ಲಿ ಮೊದಲ ಸಲ ಅದನ್ನು ನುಂಗಿದಳು. ಮೆಲ್ಲಗೆ ಹೋಗಿ ಬಾಗಿಲ ಎರಡೂ ಕದ ತೆರೆದಳು. ಹುಡುಗಿ ತಲೆ ಎತ್ತಿದರೆ ಕಾಣುವಷ್ಟು ದೂರದಲ್ಲಿ ನೆಲಕ್ಕೆ ಕೂತು ಸೊಪ್ಪು ಸೋಸತೊಡಗಿದಳು. ಒಂದೊಂದೇ ಎಲೆ. ಎಷ್ಟು ಹೊತ್ತಾಯಿತೋ, ಅನುವಿನ ಕೈಯಿಂದ ಅರಿವೆ ಜಾರಿತು.

"ಒದರು ಆಯಿ. ಯಾಕ ಒದರವಲ್ಲಿ?"

"ಒದರಿದ್ರ ನೀ ಸಾಯತಿಯಂತ."

ಹುಡುಗಿ ಬಿಕ್ಕಿಬಿಕ್ಕಿ ಅತ್ತಳು. ಬನಶಂಕರೆವ್ವ ಅರಿವೆಯನ್ನು ಹೊರಗೆ ಎಸೆದು, ಗಾಳಿಗೆ ಕರೆತಂದು, ತೊಡೆಯ ಮೇಲೆ ತಲೆ ಇಟ್ಟುಕೊಂಡಳು.

"ಯಾಕವಾ? ಏನ ಸಿಗತೈತಿ ಅದರಾಗ?"

"ಫೇಲ್ ಆದಾಗ ತಲಿಯಾಗ ಬರೇ ಮಗ್ಗ ಬಡಿತಿತ್ತು. ಅದನ್ನ ಮೂಸಿದ್ರ ಸಪ್ಪಳ ದೂರ ಹೋಗತಿತ್ತು. ಆಮ್ಯಾಲ ಅದು ಇಲ್ಲಂದ್ರ ಕುಂಡ್ರಾಕ ಆಗಲಿಲ್ಲ. ಕಲಿ ಇದ್ರ ಅಪ್ಪ ಕ್ಯಾನು ತರತಾನ ಅಂತ ನಾನ ಎಣ್ಣಿ ಹಾಕಿದೆ. ಈಗ ಬಿಡಬೇಕಂತೇನಿ ಆಯಿ, ಖರೇನ ಬಿಡಬೇಕಂತೇನಿ. ಮಹೆಕ ಮುಖ ತಿರುವಿದ ಕೂಡಲೇ ಕಾಕಾನ ನೆನಪಾಗತೈತಿ. ಅಂವ ಅಳಾಕತ್ತಿದ್ದ, ನಾ ನಕ್ಕೆ. ಅದನ್ನ ಮರೀಬೇಕಂದ್ರ ಮತ್ತ ಇದ ಬೇಕಾಗತೈತಿ."

ಮರುದಿನ ಬನಶಂಕರೆವ್ವ ಯಾರಿಗೂ ಹೇಳದೆ ಗುಡುಸಾಬನ ಮನೆಗೆ ಹೋದಳು. ಆತ ಚೀಲ ಹೊತ್ತು ಕೆಂಪಾದ ಹೆಗಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ. ಇದ್ದದ್ದು ಇದ್ದ ಹಾಗೆ ಹೇಳಿದಳು. ಆತ ಎಣ್ಣೆಯ ಬಟ್ಟಲನ್ನು ಬದಿಗೆ ಸರಿಸಿದ.

"ಮಡಿಕಿ ತೆರದ ನೋಡಿದ ದಿನಾನ ನನಗ ಗೊತ್ತಾಗಿತ್ತ್ರಿ ಅವ್ವಾರ. ಹುಡುಗಿ ಕೈತಪ್ಪಿ ಚೆಲ್ಲಿರಬೇಕು, ಸಾವ್ಕಾರ ಹೊಡದಾನು ಅಂತ ಸುಮ್ಮನಾದೆ. ಬಾಯಿ ಬಿಟ್ಟಿದ್ರ ಅವತ್ತ ಸಿಗತಿತ್ತು. ನಾನೂ ಮುಚ್ಚಿದೆ, ನೀವೂ ಮುಚ್ಚೀರಿ. ಮುಚ್ಚಿದಷ್ಟೂ ಅಕಿಗೇ ವಿಷ ಆತಲ್ಲರಿ."

"ಕೆಲಸಕ್ಕ ಬಾ ಗುಡುಸಾಬ."

"ಬರತೇನಿ. ಓಣ್ಯಾಗ ಅಂದದ್ದನ್ನ ಓಣ್ಯಾಗ ವಾಪಸ್ ತಗೋಬೇಕು ಸಾವ್ಕಾರ್ರು. ಮನಿ ಒಳಗ ಚಾ ಕೊಟ್ಟು ಮುಗಸೋ ಮಾತಲ್ಲ ಇದು."

ಮನೆಯಲ್ಲಿ ಎರಡು ದಿನ ಒಲೆ ಹೊತ್ತಿದರೂ ಯಾರೂ ನೆಟ್ಟಗೆ ಉಣ್ಣಲಿಲ್ಲ. ಕುಬೇರಪ್ಪ ಹಾರಾಡಿದ, ತಾಟು ಸರಿಸಿದ. ಬನಶಂಕರೆವ್ವ ದನಿ ಏರಿಸಲಿಲ್ಲ. "ಮಗಳ ಹೆಸರು ಬೇಕೋ, ಮಗಳು ಬೇಕೋ" ಎಂದು ಎಷ್ಟು ಮೆಲ್ಲಗೆ ಕೇಳಿದಳೆಂದರೆ, ಕುಬೇರಪ್ಪನಿಗೆ ಅವ್ವನ ಕಡೆ ಬಾಗಿ ಕೇಳಿಸಿಕೊಳ್ಳಬೇಕಾಯಿತು.

ಸೋಮವಾರ ಬನಶಂಕರೆವ್ವ ಹೇಳಿಕಳಿಸಿದ ಮೇಲೆ ಗುಡುಸಾಬ ಬಂದ. ಹೊಸ್ತಿಲ ಹೊರಗೆ ನಿಂತ, ಚಪ್ಪಲಿ ಬಿಡಲಿಲ್ಲ. ಕುಬೇರಪ್ಪ ಬಾಗಿಲಿಗೆ ಬಂದ. ಹಿಂದೆ ನಾಲ್ಕೂ ಮಗ್ಗ ಖಟಾಖಟ್ ಬಡಿಯುತ್ತಿದ್ದವು. ಆತ ನೆಲ ನೋಡುತ್ತ ಏನೋ ಗೊಣಗಿದ.

"ಕೇಳಸಲಿಲ್ಲರಿ ಸಾವ್ಕಾರ್ರ."

ಕುಬೇರಪ್ಪ ಮತ್ತೆ ತುಟಿ ಆಡಿಸಿದ. ದೊಡ್ಡ ಗಂಟಲಿನ ಮನೆತನದವನು, ಮಗ್ಗದ ಸಪ್ಪಳದೊಳಗೆ ತಪ್ಪನ್ನು ಹುಗಿಯಲು ನೋಡಿದ. ಗುಡುಸಾಬ ಇನ್ನೂ ಒಂದು ಕ್ಷಣ ನಿಂತು ನೋಡಿ, ತಿರುಗಿ ಹೆಜ್ಜೆ ಕಿತ್ತ.

ಆಗ ಮಗ್ಗ ನಿಂತವು, ನಾಲ್ಕೂ ಒಟ್ಟಿಗೆ. ಅನು ಗೋಡೆಯ ಬೋರ್ಡಿನ ಹತ್ತಿರ ಮೇನ್ ಸ್ವಿಚ್ ಎಳೆದು ನಿಂತಿದ್ದಳು. ಕೆಲಸದ ಹೊತ್ತಿನಲ್ಲಿ ಒಂದು ಮನೆಯ ಮಗ್ಗ ನಿಂತರೆ ಓಣಿ ಇಣುಕದೆ ಇರುವುದಿಲ್ಲ. "ಕರೆಂಟ್ ಹೋತೇನ?" ಎನ್ನುತ್ತ ಮರಿಯವ್ವ ಬಂದಳು. ಆಚೆ ಷೆಡ್ಡಿನವರೂ ಬಂದರು. ಕಲ್ಪನಾ ಒಳಗಿಂದ ಓಡಿಬಂದು ಮಗಳ ಕೈ ಹಿಡಿದಳು. ಅನು ಬಿಡಿಸಿಕೊಂಡು ಹೊಸ್ತಿಲಿಗೆ ಬಂದಳು.

"ಸೀರಿಗೆ ಎಣ್ಣಿ ಹಾಕಿದಾಕಿ ನಾ! ಥಿನ್ನರ್ ಮೂಸಾಕ ಬೇಕಂತ ಹಾಕಿದೆ. ಬಿಪಿ ಕಮ್ಮಿಯಾಗಿ ಬಿದ್ದಿಲ್ಲ ನಾ, ಅದನ್ನ ಮೂಸಿ ಬಿದ್ದೆ. ಕಾಕಾನ ಕೈ ಹೊಲಸ ಅಲ್ಲ!"

ಅಜ್ಜಿಯ ದನಿಯೇ ಅದು, ಓಣಿಯ ತುದಿ ಮುಟ್ಟುವ ದನಿ. ಮರಿಯವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಕುಬೇರಪ್ಪ ಗೋಡೆಗೆ ಕೈ ಕೊಟ್ಟು ನಿಂತಿದ್ದ. ಆಮೇಲೆ ತಲೆ ಎತ್ತಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದ, "ನನ್ನದು ತಪ್ಪಾತು ಗುಡುಸಾಬ."

ಗುಡುಸಾಬ ಚಪ್ಪಲಿ ಬಿಟ್ಟು ಒಳಗೆ ಬಂದ. ಮಗ್ಗದ ಮೇಲಿನ ಎಣ್ಣೆ ಡಬ್ಬಿ ಎತ್ತಿ, ಬೇರೆಯವರ ಕೈಯ ಜಿಡ್ಡನ್ನು ಅರಿವೆಯಿಂದ ಒರೆಸಿದ. ಆಮೇಲೆ ಅನುವಿನ ಕಡೆ ತಿರುಗಿದ.

"ಇನ್ನ ಮ್ಯಾಲ ಹಿಂಗ ಮಾಡೋಣು ನೋಡವಾ. ಸೀರಿ ಇಳಸುವಾಗ ನೀ ನಿಂತ ನೋಡು. ಮಡಚುವಾಗ ನಾ ನಿಂತ ನೋಡತೇನಿ."

ಹುಡುಗಿ ಹ್ಞೂಂ ಎಂದಳು. ಬನಶಂಕರೆವ್ವ ಎದ್ದು ಹೋಗಿ ಮೇನ್ ಮೇಲೆತ್ತಿದಳು.